ಬುರ್ಕಿಗಳು ಅಸಲಿ ಪಠಾಣರಲ್ಲವೆ?

ಇಮ್ರಾನ್ ಖಾನ್, ಮಜೀದ್ ಖಾನ್, ಜಾವೇದ್ ಬುರ್ಕಿ. ಪಾಕಿಸ್ತಾನ ಕ್ರಿಕೆಟ್ ತಂಡದ ನಾಯಕರಾದ ಈ ಮೂವರ ತಾಯಂದಿರು ಅಕ್ಕತಂಗಿಯರು, ಜಲಂಧರದ ಬುರ್ಕಿ ಮನೆತನದವರು. ಒರ್ಮುರರೆಂದೂ ಕರೆಸಿಕೊಳ್ಳುವ ಈ ಬುರ್ಕಿಗಳ ಹಳೆಯ ನೆಲೆ ದಕ್ಷಿಣ ವಜೀರಿಸ್ತಾನದ ಕಾನಿಗುರಂ. ಅಲ್ಲಿಯ ಬುರ್ಕಿಗಳ ಮನೆಮಾತು ಪಶ್ತೋ ಅಲ್ಲ, ಒರ್ಮುರಿ. ಅಷ್ಟಕ್ಕೇ ಇವರು ಅಸಲಿ ಪಠಾಣರಲ್ಲ, ಎಲ್ಲಿಂದಲೋ ಬಂದು ಸೇರಿಕೊಂಡವರು ಎಂಬ ಮಾತು ಹುಟ್ಟಿದೆ. ಕುರ್ದರ ಪೈಕಿ ಎನ್ನುವವರುಂಟು; ಘಜ್ನಿ ಮಹಮೂದ ಉಂಬಳಿ ಕೊಟ್ಟು ಕೂರಿಸಿದವರು ಎನ್ನುವವರೂ ಉಂಟು.

ಹಾಗಾದರೆ ಅಸಲಿಗಳ ದಾಖಲೆ ಎಂಥದ್ದು? ಪಠಾಣರೆಲ್ಲ ಕೈಸ್ ಎಂಬೊಬ್ಬನ ಸಂತಾನ, ಅವನ ಮೂಲ ಇಸ್ರೇಲಿನ ಅರಸ ತಾಲೂತನವರೆಗೆ ಹೋಗುತ್ತದೆ ಎಂಬ ವಂಶಾವಳಿಯನ್ನು ವಿಸ್ತಾರವಾಗಿ ಬರೆದಿಟ್ಟವನು ಜಹಾಂಗೀರನ ಕಾಲದ ನಿಯಾಮತುಲ್ಲಾ. ಪಶ್ತೋ ಇರಾನೀ ಕುಟುಂಬದ ಭಾಷೆ. ಇಸ್ರೇಲಿನ ಹೀಬ್ರೂವಿಗೂ ಅದಕ್ಕೂ ನಂಟಿಲ್ಲ. ಇನ್ನು ಆಫ್ರಿದಿ, ಖಟಕ್, ವಜೀರ್, ಮೆಹಸೂದರು ಸೇರುವ ಕರ್ಲಾಣಿ ಶಾಖೆಯ ಮೂಲಪುರುಷ, ಬಹಳ ಕಡೆ ಹೇಳುವ ಕಥೆಯ ಪ್ರಕಾರ, ದಾರಿಯಲ್ಲಿ ಸಿಕ್ಕ ಕೂಸು. ಅದನ್ನು ಎತ್ತಿ ಸಾಕಿದವನು ಒಬ್ಬ ಒರ್ಮುರ! ಸಾಕುಮಗನ ವಂಶದವರು ಅಸಲಿ, ಸಾಕಿದವನ ವಂಶದವರು ಹೊರಗಿನವರು. ಇದು ಯಾವ ನ್ಯಾಯವೋ ಕಾಣೆ.

ಭಾಷೆಯ ವಾದಕ್ಕೆ ಸ್ವಲ್ಪ ತೂಕವಿದೆ, ಒಪ್ಪೋಣ. ಕಾಬೂಲ್ ಸೀಮೆಯ ಭಾಷೆಗಳನ್ನು ಪಟ್ಟಿ ಮಾಡಿದ ಬಾಬರ್ ಅಫ್ಘಾನಿಯನ್ನೂ (ಪಶ್ತೋ) ಬರಕಿಯನ್ನೂ (ಒರ್ಮುರಿ) ಬೇರೆಬೇರೆಯಾಗಿಯೇ ಎಣಿಸಿದ. 1924ರಲ್ಲಿ ಕಾಬೂಲಿಗೆ ಹೋದ ನಾರ್ವೆಯ ವಿದ್ವಾಂಸ ಮಾರ್ಗನ್‌ಸ್ಟಿಯರ್ನ, ಒರ್ಮುರಿಗೆ ಹತ್ತಿರದ ಬಂಧು ಪಶ್ತೋ ಅಲ್ಲ, ಪರಾಚಿ ಎಂಬ ಭಾಷೆ ಎಂದು ತೋರಿಸಿಕೊಟ್ಟ. ಇದರಿಂದ ಗೊತ್ತಾಗುವುದು ಒರ್ಮುರಿ ಭಾಷೆಯ ಚರಿತ್ರೆ ಮಾತ್ರ. ಅದನ್ನೇ ಆಡುವವರ ಕುಲಕ್ಕೆ ತೀರ್ಪು ಮಾಡಿಕೊಂಡರೆ ಜಲಂಧರದಲ್ಲಿ ಪಂಜಾಬಿ ಆಡಿದ ಬುರ್ಕಿಗಳು, ಪೇಶಾವರದ ಬಳಿ ಪಶ್ತೋಗೆ ಹೊರಳಿದ ಒರ್ಮುರರು ಯಾವ ಲೆಕ್ಕಕ್ಕೆ? ನುಡಿ ಬಿಟ್ಟ ಮೇಲೂ ಅವರು ಬುರ್ಕಿಗಳಾಗಿಯೇ ಉಳಿದರು.

ಬುರ್ಕಿಗಳು ಅಸಲಿ ಪಠಾಣರಲ್ಲ ಎಂಬ ವಾದಕ್ಕೆ ದೊಡ್ಡ ಏಟು ಬಾಯಜೀದ್ ಅನ್ಸಾರಿಯದು. 16ನೇ ಶತಮಾನದಲ್ಲಿ ಜಲಂಧರದಲ್ಲಿ ಹುಟ್ಟಿ ಕಾನಿಗುರಂನಲ್ಲಿ ಬೆಳೆದ ಇವನನ್ನು ಶಿಷ್ಯರು ಪೀರ್ ರೋಶನ್, ಅಂದರೆ ಬೆಳಕಿನ ಪೀರ್ ಎಂದರು, ವಿರೋಧಿ ಅಖುಂದ್ ದರ್ವೇಜಾ ಕತ್ತಲೆಯ ಪೀರ್ ಎಂದ. ಅವನ ಮನೆತನ ತನ್ನದು ಅರಬ್ಬಿ ಅನ್ಸಾರಿಗಳ ವಂಶವೆಂದು ಹೇಳಿಕೊಳ್ಳುತ್ತಿತ್ತು. ಆ ಕಾಲದಲ್ಲಿ ದೊಡ್ಡ ವಂಶ ಯಾರಿಗೆ ಬೇಡವಾಗಿತ್ತು! ಅವನ 'ಖೈರುಲ್ ಬಯಾನ್' ಈವರೆಗೆ ಸಿಕ್ಕಿರುವ ಅತಿ ಹಳೆಯ ಪಶ್ತೋ ಗದ್ಯಕೃತಿಗಳಲ್ಲಿ ಒಂದು. ಪಶ್ತೋ ಧ್ವನಿಗಳಿಗೆ ಅರಬ್ಬಿ ಲಿಪಿ ಸಾಲದೆಂದು ಹೊಸ ಅಕ್ಷರಗಳನ್ನೂ ಕೂಡಿಸಿದ. ಅವನ ಪಂಥ ಪಠಾಣ ಬುಡಕಟ್ಟುಗಳನ್ನು ಕೂಡಿಸಿಕೊಂಡು ಅಕ್ಬರನ ಸೈನ್ಯದ ವಿರುದ್ಧ ನಿಂತಿತು. ಒರ್ಮುರಿ ಊರಿನಿಂದ ಬಂದವನು ಪಶ್ತೋ ಗದ್ಯಕ್ಕೆ ಅಡಿಪಾಯ ಹಾಕಿದ ಮೇಲೂ ಅಸಲಿ ನಕಲಿಯ ತಕರಾರು ನಡೆದೇ ಇದೆ.

ಬುರ್ಕಿಗಳು ಪಠಾಣರೇ. ನೂರಾರು ವರ್ಷ ಆ ಬೆಟ್ಟಗಳಲ್ಲಿ ಆ ಕಟ್ಟಳೆಗಳಂತೆ ಬಾಳಿದ್ದಾರೆ, ತಮ್ಮನ್ನು ತಾವು ಹಾಗೆಂದು ಕರೆದುಕೊಂಡಿದ್ದಾರೆ. ಅವರ ರಕ್ತ ಶೋಧಿಸುವವರು ಆ ಶ್ರಮವನ್ನು ಒರ್ಮುರಿಯ ದಾಖಲಾತಿಗೆ ಹಾಕಲಿ. 2009ರ ಸೇನಾ ಕಾರ್ಯಾಚರಣೆಯಲ್ಲಿ ಕಾನಿಗುರಂ ಜನ ಊರು ಬಿಟ್ಟು ಚದುರಿದರು. ಒರ್ಮುರಿಯ ಇನ್ನೊಂದು ನೆಲೆಯಾದ ಅಫ್ಘಾನಿಸ್ತಾನದ ಲೋಗರ್‌ನಲ್ಲಿ ಆ ನುಡಿ ಹೆಚ್ಚುಕಡಿಮೆ ಅಳಿದಿದೆ.