ಮೂರು ಫ್ಯಾನಿನ ಪೆಟ್ಟಿಗೆ ಮತ್ತು ಅದರ ಭಕ್ತರು

ಮನೆಗೊಂದು ಕಂಪ್ಯೂಟರ್ ಬೇಕು ಎಂದು ಬೆಂಗಳೂರಿನಲ್ಲಿ ಯಾರಾದರೂ ಬಾಯಿಬಿಟ್ಟರೆ ಸಾಕು, ಸಲಹೆ ರೆಡಿ ಇರುತ್ತದೆ: ಎಸ್.ಪಿ. ರೋಡಿಗೆ ಹೋಗಿ, ಬಿಡಿಭಾಗ ಆರಿಸಿ, ಅಸೆಂಬಲ್ ಮಾಡಿಸಿ. ಹಲಸೂರಿನವರಿಗೂ ಇದೇ, ಕೆ.ಆರ್. ಪುರದವರಿಗೂ ಇದೇ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ಮೆಟ್ರೋ ತುಂಡು ಸೇರಿಕೊಂಡ ಮೇಲೆ ಸಲಹೆ ಕೊಡುವವರ ಹುರುಪು ಇನ್ನಷ್ಟು ಹೆಚ್ಚಿದೆ. ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಆಯಿತಲ್ಲ! ‘ಬ್ರಾಂಡೆಡ್’ಗಿಂತ ಅಗ್ಗ, ಬೇಕಾದಂತೆ ಮಾಡಿಸಿಕೊಳ್ಳಬಹುದು, ಕೆಟ್ಟರೆ ಅಲ್ಲೇ ರಿಪೇರಿ. ಈ ಮೂರು ಮಾತು ಒಂದು ಕಾಲಕ್ಕೆ ನಿಜವಾಗಿದ್ದವು. ಈಗಲೂ ನಿಜವೇ ಎಂದು ಯಾರೂ ಮರುವಿಚಾರಣೆ ಮಾಡಿಲ್ಲ. ಸಿನಿಮಾ ನೋಡುವುದು, ಇ-ಖಾತಾಕ್ಕೆ ಪಿಡಿಎಫ್ ಏರಿಸುವುದು, ನುಡಿ ತಂತ್ರಾಂಶದಲ್ಲಿ ನಾಲ್ಕು ಪುಟ ಟೈಪ್ ಮಾಡುವುದು, ಇಷ್ಟನ್ನು ಸದ್ದಿಲ್ಲದೆ ಮಾಡಿಕೊಡುವ ಯಂತ್ರ ಕಡಿಮೆ ದುಡ್ಡಿನಲ್ಲಿ ಬೇಕಾದವರಿಗೆ ಅಸೆಂಬಲ್ ಮಾಡಿಸಿದ ಪೆಟ್ಟಿಗೆ ಇವತ್ತು ಸಿಗುವ ಆಯ್ಕೆಗಳಲ್ಲಿ ತೀರಾ ಕಳಪೆಯದು ಎಂಬುದು ನನ್ನ ವಾದ.

ಆ ಪೆಟ್ಟಿಗೆಯನ್ನೇ ಹತ್ತಿರದಿಂದ ನೋಡೋಣ. ಬಜೆಟ್ ಮೂವತ್ತು ಸಾವಿರದ ಒಳಗೆ ಎಂದರೆ ಅಂಗಡಿಯವನು ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ ಬರೆದು, ಉಳಿದ ಅಲ್ಪ ಹಣದಲ್ಲಿ ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು (ವಿದ್ಯುತ್ ಪೂರೈಸುವ ಡಬ್ಬಿ) ಕೂರಿಸುತ್ತಾನೆ. ಸದ್ದು ಶುರುವಾಗುವುದು ಈ ಕೊನೆಯ ಎರಡರಿಂದಲೇ. ಈಗಿನ ಅಗ್ಗದ ಕ್ಯಾಬಿನೆಟ್ಟಿಗೆ ಮುಂದೆ ಗಾಜು, ಗಾಜಿನ ಹಿಂದೆ ಬಣ್ಣ ಬದಲಿಸುವ ಮೂರು ಫ್ಯಾನು. ಗಾಜು ಅಡ್ಡವಿದ್ದರೆ ಗಾಳಿ ಎಲ್ಲಿಂದ ಬರಬೇಕು ಎಂದು ಕೇಳಿದ್ದಕ್ಕೆ ಅಂಗಡಿಯ ಹುಡುಗನೊಬ್ಬ ಹೇಳಿದ್ದು: “ಫ್ಯಾನ್ ಜಾಸ್ತಿ ಇದ್ರೆ ಕೂಲಿಂಗ್ ಜಾಸ್ತಿ ಸಾರ್, ಲೈಟಿಂಗೂ ಬರುತ್ತೆ.” ಲೈಟಿಂಗ್ ಬರುವುದು ಖಂಡಿತ. ಫ್ಯಾನಿನ ವೈರು ಎಲ್ಲಿಗೆ ಹೋಗುತ್ತದೆ ನೋಡಿ. ಮದರ್‌ಬೋರ್ಡಿನಲ್ಲಿ ಫ್ಯಾನಿಗೆಂದೇ ಇರುವ ಪಿನ್ನುಗಳಿಗೆ ಅದು ಹೋಗುವುದಿಲ್ಲ. ದಪ್ಪ ಮೋಲೆಕ್ಸ್ ಕನೆಕ್ಟರ್ ಮೂಲಕ ನೇರ ಎಸ್‌ಎಂಪಿಎಸ್‌ಗೆ ಹೋಗುತ್ತದೆ. ಅಂದರೆ 12 ವೋಲ್ಟು, ಸದಾ ಪೂರ್ತಿ ವೇಗ. ನೀವು ಗೀತಾಂಜಲಿಯ ಹಾಡು ಕೇಳುತ್ತಿದ್ದರೂ ಅಷ್ಟೇ, ಬೆಸ್ಕಾಂ ಬಿಲ್ಲು ಕಟ್ಟುತ್ತಿದ್ದರೂ ಅಷ್ಟೇ. ಬಯಾಸ್‌ನಲ್ಲಿ ಎಷ್ಟೇ ಸೆಟ್ಟಿಂಗ್ ಬದಲಿಸಿದರೂ ಆ ಮೂರು ಫ್ಯಾನುಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಇದು ಸಣ್ಣ ತಪ್ಪಲ್ಲ ಎನ್ನಲು ಲೆಕ್ಕವೇ ಸಾಕು. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಕುಸಿಯುತ್ತದೆ. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಒಂದೇ ಪ್ರಮಾಣದ ಸದ್ದು ಮಾಡುವ ಎರಡು ಫ್ಯಾನಿನಲ್ಲಿ ಒಂದನ್ನು ಕಿತ್ತು ಹಾಕಿದರೆ ಇಳಿಯುವುದು ಬರೀ 3 ಡೆಸಿಬಲ್. ಹಾಗಾಗಿ ಸದ್ದಿನ ಕೀಲಿಕೈ ಇರುವುದು ವೇಗದಲ್ಲಿ, ಫ್ಯಾನಿನ ಸಂಖ್ಯೆಯಲ್ಲಿ ಅಲ್ಲ. ಅಗ್ಗದ ಕ್ಯಾಬಿನೆಟ್ಟು ಗ್ರಾಹಕನ ಕೈಗೆ ಸಿಗದಂತೆ ಮುಚ್ಚಿಟ್ಟಿರುವುದು ಸರಿಯಾಗಿ ಅದನ್ನೇ. ಹಿಂದಿನ ಕಾಲದ ಹವ್ಯಾಸಿಗಳು ಮೋಲೆಕ್ಸ್‌ನ ವೈರು ಅದಲುಬದಲು ಮಾಡಿ, 12 ಮತ್ತು 5 ವೋಲ್ಟಿನ ನಡುವಿನ 7 ವೋಲ್ಟಿನಲ್ಲಿ ಫ್ಯಾನ್ ಓಡಿಸುತ್ತಿದ್ದರು. ಈಗ ಯಾವ ಅಂಗಡಿಯಲ್ಲೂ ಅದನ್ನು ಮಾಡಿಕೊಡಿ ಎಂದರೆ ನಿಮ್ಮ ಮುಖ ನೋಡುತ್ತಾರೆ.

ಮೂರು ಫ್ಯಾನು ಕಿತ್ತುಹಾಕಿದಿರಿ ಎನ್ನಿ. ಪ್ರೊಸೆಸರಿನ ಜೊತೆ ಬರುವ ಫ್ಯಾನು ಉಳಿಯಿತು. ಕಿವಿಯನ್ನು ನಿಜವಾಗಿ ಕೊರೆಯುವುದು ಇದು. ಬ್ರೌಸರಿನಲ್ಲಿ ಹೊಸ ಪುಟ ತೆರೆದ ಕ್ಷಣ ಪ್ರೊಸೆಸರ್ ಟರ್ಬೋಗೆ ಏರುತ್ತದೆ. ಒಂದೆರಡು ಸೆಕೆಂಡಿನಲ್ಲಿ ಉಷ್ಣತೆ 45ರಿಂದ 65 ಡಿಗ್ರಿಗೆ ಹಾರಿ, ಮತ್ತೆ ಇಳಿಯುತ್ತದೆ. ಫ್ಯಾನು ಅದರ ಬೆನ್ನು ಹತ್ತಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಕಿವಿ ಹತ್ತು ನಿಮಿಷದಲ್ಲಿ ಮರೆಯುತ್ತದೆ. ಏರಿಳಿಯುವ ಸದ್ದನ್ನು ಮರೆಯುವುದಿಲ್ಲ. ಮದ್ದು ಬಯಾಸ್‌ನಲ್ಲೇ ಇದೆ. ಒಂದು, ಉಷ್ಣತೆ ಏರಿದ ಮೇಲೂ ಫ್ಯಾನು ಕೆಲವು ಸೆಕೆಂಡು ತಡೆದು ವೇಗ ಹೆಚ್ಚಿಸುವಂತೆ ಇಡುವುದು. ಇನ್ನೊಂದು, ಪ್ರೊಸೆಸರಿನ ವಿದ್ಯುತ್ ಮಿತಿಯನ್ನೇ ತಗ್ಗಿಸುವುದು. ಬಜೆಟ್ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವ ರೈಜೆನ್ 5 5600ಜಿಯನ್ನು 65 ವ್ಯಾಟಿನಿಂದ 45ಕ್ಕೆ ಇಳಿಸುವ ಸೌಲಭ್ಯ ಎಎಂಡಿಯೇ ಕೊಟ್ಟಿದೆ. ಸಿನಿಮಾ ನೋಡುವವನಿಗೆ ವ್ಯತ್ಯಾಸವೇ ಗೊತ್ತಾಗದು. ಆದರೆ ಅಸೆಂಬಲ್ ಮಾಡಿಕೊಡುವವರು ವಿಂಡೋಸ್ ಹಾಕಿ, ಬಣ್ಣದ ದೀಪ ಹೊತ್ತಿತೆಂದು ತೋರಿಸಿ ಬಿಲ್ಲು ಕೊಡುತ್ತಾರೆ. ‘ಬೇಕಾದಂತೆ ಮಾಡಿಸಿಕೊಳ್ಳಬಹುದು’ ಎಂಬ ಖ್ಯಾತಿ ಇಲ್ಲಿಗೆ ಬಂದು ನಿಲ್ಲುತ್ತದೆ.

ಇಲ್ಲಿ ನಮ್ಮ ವಿಮರ್ಶಕರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾಗದು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಿಡಿಭಾಗಗಳನ್ನು ವಿಮರ್ಶಿಸುವ ವಿಡಿಯೋಗಳಿಗೆ ಬರವಿಲ್ಲ. ಎಲ್ಲರೂ ಅಳೆಯುವುದು ಅಂಕ: ಯಾವ ಗೇಮಿನಲ್ಲಿ ಎಷ್ಟು ಫ್ರೇಮು, ಯಾವ ಪರೀಕ್ಷೆಯಲ್ಲಿ ಎಷ್ಟು ಸ್ಕೋರು. ಸದ್ದಿನ ವಿಷಯ ಬಂದರೆ ‘ಪರವಾಗಿಲ್ಲ, ಸೈಲೆಂಟ್ ಆಗಿದೆ’ ಎಂಬ ಒಂದೇ ವಾಕ್ಯ, ಅದರ ಹಿಂದೆ ಹಿನ್ನೆಲೆ ಸಂಗೀತ! ಇವರಲ್ಲಿ ಇನ್ನೊಂದು ಪಂಥವಿದೆ. “ಬೆಂಗಳೂರಲ್ಲಿ ಕೂತ್ಕೊಂಡು ಸದ್ದಿನ ಬಗ್ಗೆ ಮಾತಾಡ್ತೀರಲ್ಲ” ಎಂದು ನಗುವವರು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಹಳೇ ಮದ್ರಾಸ್ ರಸ್ತೆಯ ಬದಿಯಲ್ಲಿ ಇದು ಕಾಗದದ ಮೇಲಿನ ಅಂಕಿ ಎಂಬುದು ನನಗೂ ಗೊತ್ತು. ಆದರೆ ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗೆ, ಡಿಸೆಂಬರಿನ ರಾತ್ರಿ, ಸೀಲಿಂಗ್ ಫ್ಯಾನು ಹಾಕದೆ ಕಿಟಕಿ ಮುಚ್ಚಿ ಕೂತಾಗ? ಮದ್ರಾಸಿನಲ್ಲಿ ವರ್ಷಪೂರ್ತಿ ಸೀಲಿಂಗ್ ಫ್ಯಾನು ಕಂಪ್ಯೂಟರಿನ ಫ್ಯಾನನ್ನು ಮುಚ್ಚಿಹಾಕುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿರುವ ನಮ್ಮೂರಿನಲ್ಲಿ ವರ್ಷದ ನಾಲ್ಕಾರು ತಿಂಗಳು ಆ ಮರೆ ಇರುವುದಿಲ್ಲ. ಜೊತೆಗೆ, ಕೋಣೆ ತಂಪಾಗಿರುವುದರಿಂದಲೇ ಫ್ಯಾನನ್ನು ನಿಧಾನಕ್ಕೆ ಓಡಿಸುವ ಅನುಕೂಲವೂ ನಮಗಿದೆ. 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಮುಟ್ಟಿದಂಥ ದಿನಗಳು ಅಪವಾದ. ಊರಿನ ಹವೆಯೇ ಉಚಿತವಾಗಿ ಕೊಟ್ಟ ಈ ಅನುಕೂಲವನ್ನು ನಮ್ಮ ವಿಮರ್ಶಕರಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಮೂರನೆಯ ಪಂಥ ಅಭಿಮಾನಿಗಳದ್ದು. ಅಗ್ಗದ ಕಂಪ್ಯೂಟರ್ ಎಂದೊಡನೆ ಇವರಿಗೆ ನಾಡಿನ ಹೆಮ್ಮೆ ನೆನಪಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ರೂಪಿಸಿ, 2001ರಲ್ಲಿ ಮಾದರಿ ತೋರಿಸಿದ ಸಿಂಪ್ಯೂಟರಿಗೆ ಗುರಿಯಾಗಿದ್ದ ಬೆಲೆ 9,000 ರೂಪಾಯಿಯ ಆಸುಪಾಸು. ಅದರ ಬಗ್ಗೆ ಬಂದ ಹೊಗಳಿಕೆಗೆ ಹೋಲಿಸಿದರೆ ಜನರ ಕೈ ಸೇರಿದ ಯಂತ್ರಗಳು ಏನೇನೂ ಅಲ್ಲ. 2023ರಲ್ಲಿ ಕೆ.ಆರ್. ಪುರದ ದೂರವಾಣಿನಗರದ ಐಟಿಐ ಸಂಸ್ಥೆ ‘ಸ್ಮ್ಯಾಶ್’ ಹೆಸರಿನಲ್ಲಿ ಲ್ಯಾಪ್‌ಟಾಪ್ ಮತ್ತು ಮೈಕ್ರೋ ಪಿಸಿ ತಂದಿತು. 2025ರ ನವೆಂಬರಿನ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ 18,999 ರೂಪಾಯಿಯ, ರಿಸ್ಕ್-ಫೈವ್ ಪ್ರೊಸೆಸರಿನ ‘ಕಿಯೋ’ ಬಿಡುಗಡೆ ಮಾಡಿತು. ಈ ಪ್ರಯತ್ನಗಳ ಮೇಲೆ ನನಗೆ ತಕರಾರಿಲ್ಲ. ತಕರಾರಿರುವುದು ಅವುಗಳ ಬಗ್ಗೆ ಬಂದ ಬರಹದ ಮೇಲೆ. ನಾನು ಓದಿದ್ದರಲ್ಲೆಲ್ಲ ಬೆಲೆ ಇದೆ, ಸ್ವಾವಲಂಬನೆ ಇದೆ, ಸಚಿವರ ಫೋಟೋ ಇದೆ. ಮನೆಯ ಟಿವಿಗೆ ಸಿಕ್ಕಿಸಿ ಎರಡೂವರೆ ಗಂಟೆಯ ಸಿನಿಮಾ ಓಡಿಸಿದರೆ ಏನಾಗುತ್ತದೆ ಎಂದು ಕೇಳಿದವರಿಲ್ಲ. ಬಂದದ್ದನ್ನೆಲ್ಲ ವಿಮರ್ಶೆ ಎಂದು ಕರೆಯುವ ಉದಾರತೆ ನನಗಿಲ್ಲ.

ಇಷ್ಟೆಲ್ಲ ಗದ್ದಲದ ನಡುವೆ ಯಾರ ಕಣ್ಣಿಗೂ ಬೀಳದೆ ಉಳಿದಿರುವುದು ಆಫೀಸಿನಿಂದ ಮರಳಿದ ಪುಟ್ಟ ಡೆಸ್ಕ್‌ಟಾಪು. ವೈಟ್‌ಫೀಲ್ಡು, ಹೊರವರ್ತುಲ ರಸ್ತೆಯ ಕಂಪನಿಗಳು ಇವನ್ನು ಮೂರ್ನಾಲ್ಕು ವರ್ಷದ ಲೀಸಿಗೆ ತರಿಸುತ್ತವೆ. ಲೀಸು ಮುಗಿದ ಮೇಲೆ ರಾಶಿಗಟ್ಟಲೆ ಹೊರಬಿದ್ದು, ರಿಫರ್ಬಿಷ್ ಮಾಡುವವರ ಕೈದಾಟಿ ಅಂಗಡಿಗೆ ಬರುತ್ತವೆ. ಲೆನೊವೊದ ಟೈನಿ, ಡೆಲ್‌ನ ಮೈಕ್ರೋ, ಎಚ್‌ಪಿಯ ಮಿನಿ, ಮೂರೂ ಒಂದೇ ಜಾತಿ. 2018ರ ಥಿಂಕ್‌ಸೆಂಟರ್ ಎಂ720ಕ್ಯೂ ತೆಗೆದುಕೊಳ್ಳಿ: ಹದಿನೆಂಟು ಸೆಂಟಿಮೀಟರ್ ಚೌಕ, ಮೂರೂವರೆ ಸೆಂಟಿಮೀಟರ್ ದಪ್ಪ. ಹಿಂಬದಿಯ ಒಂದು ಸ್ಕ್ರೂ ಬಿಚ್ಚಿ ಮೇಲಿನ ತಗಡನ್ನು ಮುಂದಕ್ಕೆ ತಳ್ಳಿದರೆ ಒಳಗೆಲ್ಲ ಕಾಣುತ್ತದೆ. ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಟಿ’ ಇದ್ದರೆ ಅದು 35 ವ್ಯಾಟಿನದು. ಎಸ್‌ಎಂಪಿಎಸ್ ಪೆಟ್ಟಿಗೆಯೊಳಗೆ ಇಲ್ಲವೇ ಇಲ್ಲ. ಲ್ಯಾಪ್‌ಟಾಪಿನದರಂಥ ಅಡಾಪ್ಟರು ಹೊರಗಿದೆ, ಅದಕ್ಕೆ ಫ್ಯಾನಿಲ್ಲ. ಇಡೀ ಯಂತ್ರಕ್ಕೆ ಇರುವುದು ಒಂದೇ ಫ್ಯಾನು, ಅದರ ವೇಗ ಬಯಾಸಿನ ಹತೋಟಿಯಲ್ಲಿ. ನೂರಾರು ಜನ ಒಟ್ಟಿಗೆ ಕೂರುವ ಆಫೀಸಿಗೆಂದು ಎಂಜಿನಿಯರುಗಳು ತಲೆ ಕೆಡಿಸಿಕೊಂಡು ಮಾಡಿದ ಕೆಲಸ ಇದು. ಹದಿನೈದು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ.

ಎಂಟನೇ ತಲೆಮಾರಿನ ಇಂಟೆಲ್ ಇರುವುದನ್ನೇ ಆರಿಸಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11ರ ಅಧಿಕೃತ ಪಟ್ಟಿ ಇಂಟೆಲ್ ಮಟ್ಟಿಗೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದಲೇ ಶುರು. ಆರು, ಏಳನೇ ತಲೆಮಾರಿನವು ಇನ್ನೂ ಅಗ್ಗಕ್ಕೆ ಸಿಗುತ್ತವೆ. ಲಿನಕ್ಸ್ ಹಾಕಿಕೊಳ್ಳುವವರಿಗೆ ಅವೂ ಆದೀತು.

ಕೊರತೆ ಇಲ್ಲವೆಂದಲ್ಲ. ಚಿಕ್ಕ ಫ್ಯಾನಾದ್ದರಿಂದ ಪೂರ್ತಿ ಕೆಲಸ ಕೊಟ್ಟಾಗ ಇದರ ದನಿ ದೊಡ್ಡ ಫ್ಯಾನಿಗಿಂತ ಕೀರಲು. ಹಾಗೆ ಕೆಲಸ ಕೊಡದಿರುವುದು ನಿಮ್ಮ ಕೈಯಲ್ಲಿದೆ. ಈ ಪ್ರೊಸೆಸರುಗಳ ಗ್ರಾಫಿಕ್ಸಿನಲ್ಲಿ ಎಚ್‌ಇವಿಸಿ, ವಿಪಿ9 ಮಾದರಿಯ ವಿಡಿಯೋ ಬಿಡಿಸುವ ಯಂತ್ರಾಂಶವಿದೆ, ಎವಿ1ರದ್ದು ಇಲ್ಲ. ಯೂಟ್ಯೂಬ್ 4ಕೆ ವಿಡಿಯೋವನ್ನು ಎವಿ1ನಲ್ಲಿ ಕಳಿಸಿದರೆ ಇಡೀ ಭಾರ ಪ್ರೊಸೆಸರಿನ ಮೇಲೆ ಬಿದ್ದು ಫ್ಯಾನು ಏಳುತ್ತದೆ. ಫೈರ್‌ಫಾಕ್ಸಿನ ಒಳ ಸೆಟ್ಟಿಂಗಿನಲ್ಲಿ ಎವಿ1 ಅನ್ನು ಆಫ್ ಮಾಡಿದರೆ ಯೂಟ್ಯೂಬ್ ಅದೇ ವಿಡಿಯೋವನ್ನು ವಿಪಿ9ನಲ್ಲಿ ಕೊಡುತ್ತದೆ, ಫ್ಯಾನು ಮತ್ತೆ ಮಲಗುತ್ತದೆ. ಹೊಸದಾಗಿ ಜೋಡಿಸಿದ 5600ಜಿಯಲ್ಲೂ ಎವಿ1 ಯಂತ್ರಾಂಶ ಇಲ್ಲ ಎಂಬುದನ್ನು ಅಸೆಂಬಲ್ ಭಕ್ತರು ಗಮನಿಸಬೇಕು. ಇಂಟೆಲ್ ಐ3-12100ರಲ್ಲಿ ಇದೆ, ಒಪ್ಪುತ್ತೇನೆ. 2023ರಲ್ಲಿ ಬಂದ 6 ವ್ಯಾಟಿನ ಎನ್100ರಲ್ಲೂ ಇದೆ. ಆ ಚಿಪ್ಪಿನ ಹೊಸ ಪುಟ್ಟ ಪೆಟ್ಟಿಗೆಗಳು ಬಜೆಟ್ಟಿಗೆ ಹೊಂದಿದರೆ ಅವುಗಳ ಮೇಲೆ ನನಗೆ ಜಗಳವಿಲ್ಲ. ನಾಲ್ಕು ಸಣ್ಣ ಕೋರುಗಳು ಮಾತ್ರ, ಇಪ್ಪತ್ತು ಟ್ಯಾಬ್ ತೆರೆಯುವ ಮನೆಗೆ ಸಾಲದು.

ಟಿವಿಗೆ ಸಿಕ್ಕಿಸುವ ವಿಷಯದಲ್ಲಿ ಎಚ್ಚರ ಬೇಕು. ಆಫೀಸಿನ ಯಂತ್ರಗಳಲ್ಲಿ ಡಿಸ್‌ಪ್ಲೇಪೋರ್ಟು ಖಾಯಂ, ಎಚ್‌ಡಿಎಂಐ ಇದ್ದರೂ ಹಳೆಯ 1.4 ಆಗಿರುವುದೇ ಹೆಚ್ಚು. ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30ಕ್ಕಿಂತ ಹೆಚ್ಚು ಬರುವುದಿಲ್ಲ, ಮೌಸು ತೇಲಿದಂತೆ ಓಡುತ್ತದೆ. ಡಿಸ್‌ಪ್ಲೇಪೋರ್ಟಿನಿಂದ ‘ಆಕ್ಟಿವ್’ ಕನ್ವರ್ಟರ್ ಹಾಕಿದರೆ 60 ಸಿಗುತ್ತದೆ. ಅಂಗಡಿಯವರು ಇನ್ನೂರು ರೂಪಾಯಿಯ ಸಾದಾ ಕನ್ವರ್ಟರ್ ಕೊಟ್ಟು ‘ಎಲ್ಲ ಒಂದೇ ಸಾರ್’ ಎನ್ನುತ್ತಾರೆ. ಒಂದೇ ಅಲ್ಲ.

ಹಳೆಯ ಯಂತ್ರವೆಂದ ಮೇಲೆ ಒಳಗಿನ ಥರ್ಮಲ್ ಪೇಸ್ಟು ಒಣಗಿರುತ್ತದೆ, ಫ್ಯಾನಿನ ರೆಕ್ಕೆಗೆ ಧೂಳು ಕಟ್ಟಿರುತ್ತದೆ. ಪೇಸ್ಟು ಬದಲಿಸಿಯೇ ಮನೆಗೆ ತನ್ನಿ. ಬ್ಲೋವರ್ ಹಿಡಿಯುವಾಗ ರೆಕ್ಕೆ ತಿರುಗದಂತೆ ಕಡ್ಡಿಯಿಂದ ಒತ್ತಿಡಿ, ಇಲ್ಲದಿದ್ದರೆ ಬೇರಿಂಗ್ ಹೋಗುತ್ತದೆ. ಅಡಾಪ್ಟರು ಕಂಪನಿಯದ್ದೇ ಹೌದೋ, ಬಯಾಸಿಗೆ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿದೆಯೋ ಎಂದು ಅಲ್ಲೇ ನೋಡಿ. ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಎಂದು ಅದೇ ಹೇಳುತ್ತದೆ; ಅಂಗಡಿಯವನ ಬಾಯಿಮಾತು ಬೇಕಿಲ್ಲ. ಫ್ಯಾನಿನ ಬೇರಿಂಗ್ ಸವೆದಿದ್ದರೆ ಮಾತ್ರ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ, ಆ ಗದ್ದಲದಲ್ಲಿ ಏನೂ ಕೇಳಿಸದು. ಮನೆಯಲ್ಲಿ ರಾತ್ರಿ ಓಡಿಸಿ ನೋಡಿ, ಕಿರುಗುಟ್ಟಿದರೆ ಒಂದು ವಾರದೊಳಗೆ ಬದಲಿಸಿಕೊಡುವುದಾಗಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗಿ.