ಆಟದ ಬಯಲು, ಪರಿಹಾರದ ಕಾನೂನು

1995ರ ಮೇ ತಿಂಗಳಲ್ಲಿ ಎರಡು ದೇಶಗಳಲ್ಲಿ ನಡೆದ ಎರಡು ದುರಂತಗಳು ಪರಿಹಾರದ ಕಾನೂನಿನ ಎರಡು ಮುಖಗಳನ್ನು ತೋರಿಸುತ್ತವೆ. ಇಂಗ್ಲೆಂಡಿನ ಚೆಷೈರ್‌ನ ಉದ್ಯಾನವೊಂದರಲ್ಲಿ ಹಳೆಯ ಮರಳು ಗಣಿಯೊಂದು ಕೆರೆಯಾಗಿತ್ತು. ಈಜಬಾರದೆಂಬ ಫಲಕಗಳಿದ್ದರೂ ಬಿಸಿಲಿನ ದಿನಗಳಲ್ಲಿ ಜನ ಅಲ್ಲಿ ಸೇರುತ್ತಿದ್ದರು. ಹದಿನೆಂಟರ ಯುವಕನೊಬ್ಬ ಸೊಂಟಕ್ಕೂ ಬಾರದ ನೀರಿನಲ್ಲಿ ಧುಮುಕಿದ. ಕತ್ತು ಮುರಿದು ಕೈಕಾಲುಗಳ ಸ್ವಾಧೀನ ಕಳೆದುಕೊಂಡ. ಅದೇ ತಿಂಗಳ 28ರಂದು, ಪಂಜಾಬಿನ ಪಠಾಣ್‌ಕೋಟ್ ಬಳಿಯ ಖಾಸಗಿ ಶಾಲೆಯೊಂದು ಮಕ್ಕಳನ್ನು ಬಿಯಾಸ್ ನದಿಯ ದಂಡೆಗೆ ಪಿಕ್‌ನಿಕ್‌ಗೆ ಕರೆದೊಯ್ದಿತು. ಹದಿನಾಲ್ಕು ಮಕ್ಕಳು ನೀರುಪಾಲಾದರು.

ಇಂಗ್ಲೆಂಡಿನ ಮೊಕದ್ದಮೆ 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ ತಲುಪಿತು. ಅಷ್ಟರಲ್ಲಿ ಕಾಂಗಲ್ಟನ್ ಸ್ಥಳೀಯ ಆಡಳಿತವು ದಂಡೆಯ ಮರಳಿನ ಮೇಲೆ ಗಿಡ ನೆಟ್ಟು ಜನ ಅತ್ತ ಸುಳಿಯದಂತೆ ಮಾಡಲು ಹೊರಟಿತ್ತು. ನ್ಯಾಯಾಧೀಶರು ಪರಿಹಾರ ನಿರಾಕರಿಸಿದರು. ಎದ್ದು ಕಾಣುವ ಅಪಾಯಕ್ಕೆ ತಿಳಿದೇ ಧುಮುಕುವ ವಯಸ್ಕನನ್ನು ಕಾಯುವುದು ಆಡಳಿತದ ಹೊಣೆಯಲ್ಲ, ಕೆಲವರ ದುಡುಕಿಗಾಗಿ ನೂರಾರು ಕುಟುಂಬಗಳ ವಿಹಾರವನ್ನು ಕಸಿಯಬಾರದು ಎಂಬುದು ತೀರ್ಪಿನ ಸಾರ. 2006ರ ಪರಿಹಾರ ಕಾಯ್ದೆಯೂ ಇದೇ ದಾರಿ ಹಿಡಿಯಿತು. ಸುರಕ್ಷತೆಗಾಗಿ ಕೇಳುವ ಕ್ರಮದಿಂದ ಒಳ್ಳೆಯ ಚಟುವಟಿಕೆಯೇ ನಿಂತುಹೋಗುವುದೇ ಎಂಬುದನ್ನು ನ್ಯಾಯಾಲಯ ಪರಿಗಣಿಸಬಹುದು ಎಂದು ಅದು ಹೇಳಿತು.

ಈ ತೀರ್ಪಿನ ವಿವೇಕವನ್ನು ನಾವು ಒಪ್ಪುತ್ತೇವೆ. ಆದರೆ ಜೀವನವಿಡೀ ಹಾಸಿಗೆ ಹಿಡಿದವನ ಆರೈಕೆಯ ಪ್ರಶ್ನೆ ಹಾಗೆಯೇ ಉಳಿಯಿತು. ತಪ್ಪು ಯಾರದೆಂದು ಸಾಬೀತಾದರೆ ದೊಡ್ಡ ಮೊತ್ತ, ಇಲ್ಲದಿದ್ದರೆ ಏನೂ ಇಲ್ಲ ಎನ್ನುವ ಕಾನೂನು ಅಪೂರ್ಣ. ನ್ಯೂಜಿಲೆಂಡ್ ಇದಕ್ಕೆ ಬೇರೊಂದು ದಾರಿ ಹುಡುಕಿತು. 1974ರಿಂದ ಅಲ್ಲಿ ಆಟದಲ್ಲಿ ಗಾಯಗೊಂಡವನಿಗೂ ತಪ್ಪು ಯಾರದೆಂದು ಕೇಳದೆ ಚಿಕಿತ್ಸೆ ಸಿಗುತ್ತದೆ. ದುಡಿಮೆ ನಿಂತರೆ ಗಳಿಕೆಯ ಶೇ. 80ರಷ್ಟು ಕೊಡುವ ವ್ಯವಸ್ಥೆಯಿದೆ. ಅದಕ್ಕೆ ಬದಲಾಗಿ ಗಾಯದ ಪರಿಹಾರಕ್ಕಾಗಿ ಮೊಕದ್ದಮೆ ಹೂಡುವ ಹಕ್ಕನ್ನು ಜನ ಬಹುಮಟ್ಟಿಗೆ ಬಿಟ್ಟುಕೊಟ್ಟಿದ್ದಾರೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಬಿಯಾಸ್ ದುರಂತದಲ್ಲಿ ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೇ ಹೊಣೆ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಪ್ರತಿ ಮಗುವಿಗೆ ಐದು ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಇಂಗ್ಲೆಂಡಿನ ತೀರ್ಪಿಗೆ ಇದು ವಿರುದ್ಧವೆಂದು ಕಾಣಬಹುದು, ಆದರೆ ಹಾಗಲ್ಲ. ಅಲ್ಲಿ ತನ್ನಿಚ್ಛೆಯಿಂದ ಧುಮುಕಿದ ವಯಸ್ಕ. ಇಲ್ಲಿ ಹಿರಿಯರನ್ನು ನಂಬಿ ಹೋದ ಮಕ್ಕಳು. ಪ್ರವಾಸಕ್ಕೆ ಮೊದಲು ಪೋಷಕರಿಂದ ಬರೆಸಿಕೊಳ್ಳುವ ಒಪ್ಪಿಗೆ ಪತ್ರ ನಿರ್ಲಕ್ಷ್ಯಕ್ಕೆ ಪರವಾನಗಿಯಾಗಬಾರದು.

ಪರಿಹಾರದ ಭಯದಿಂದ ಆಟ, ಚಾರಣ, ಪ್ರವಾಸಗಳೆಲ್ಲ ನಿಲ್ಲುತ್ತವೆ ಎಂಬ ಇಂಗ್ಲೆಂಡಿನ ಕೊರಗನ್ನು ಇಲ್ಲಿಯೂ ಕೆಲವರು ಎರವಲು ತರುತ್ತಾರೆ. ಆದರೆ ಮೊಕದ್ದಮೆಗಳ ಮಹಾಪೂರವೆಂಬುದು ಕಟ್ಟುಕಥೆ, ಅದರ ಭಯದ ಪರಿಣಾಮ ಮಾತ್ರ ನಿಜ ಎಂದು ಬ್ರಿಟಿಷ್ ಸರಕಾರದ ಸಲಹಾ ಕಾರ್ಯಪಡೆಯೇ 2004ರಲ್ಲಿ ಹೇಳಿತ್ತು. ನಮ್ಮಲ್ಲಂತೂ ಬಡವನಿಗೆ ಕೋರ್ಟಿನ ಮೆಟ್ಟಿಲು ಹತ್ತುವುದೇ ಕಷ್ಟ. ಬಿಯಾಸ್ ದಂಡೆಯಲ್ಲಿ ಮಕ್ಕಳನ್ನು ಕಳೆದುಕೊಂಡವರ ಮೊಕದ್ದಮೆ ಮುಗಿಯಲು ಆರು ವರ್ಷಗಳು ಬೇಕಾದವು.

ನಮ್ಮ ರೋಗ ಬೇರೆ. ಇಲ್ಲಿ ಪರಿಹಾರವೆಂದರೆ ಹಕ್ಕಲ್ಲ, ಘೋಷಣೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಮುಳಬಾಗಿಲು ತಾಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತಾಗ ಸರಕಾರ ತಲಾ ಐದು ಲಕ್ಷ ಘೋಷಿಸಿತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಸತ್ತಾಗ ಮೊದಲು ಹತ್ತು ಲಕ್ಷ, ಕೆಲವೇ ದಿನಗಳಲ್ಲಿ ಇಪ್ಪತ್ತೈದು ಲಕ್ಷ. ಯಾವ ಲೆಕ್ಕದಿಂದ ಐದು, ಯಾವ ಲೆಕ್ಕದಿಂದ ಇಪ್ಪತ್ತೈದು? ಕ್ಯಾಮರಾಗಳು ಎಷ್ಟು ಹೊತ್ತು ನಿಂತವು ಎಂಬುದೇ ಅಳತೆಗೋಲಾದರೆ ಅದನ್ನು ನ್ಯಾಯವೆನ್ನಲಾಗದು. ಘೋಷಣೆಯ ಬೆನ್ನಿಗೇ ಬರುವುದು ನಿಷೇಧ. ಮುರುಡೇಶ್ವರದ ಕಡಲತೀರವನ್ನೂ ಕೆಲಕಾಲ ಮುಚ್ಚಲಾಯಿತು. ನಿಷೇಧಕ್ಕೆ ಖರ್ಚಿಲ್ಲ, ಜೀವರಕ್ಷಕರಿಗೆ ಸಂಬಳ ಕೊಡಬೇಕಾಗುತ್ತದೆ.

ನಿಷೇಧದ ನಷ್ಟ ಯಾರಿಗೆ? ಉಳ್ಳವರ ಮಕ್ಕಳಿಗೆ ಕ್ಲಬ್ಬಿನ ಈಜುಕೊಳವಿದೆ. ವಸತಿ ಶಾಲೆಯ ಬಡ ಹುಡುಗಿಗೆ ಕಡಲು ಕಾಣುವ ಅವಕಾಶ ಶಾಲಾ ಪ್ರವಾಸವೊಂದೇ.

ಆದ್ದರಿಂದ ನಾವು ಕೇಳಬೇಕಾದದ್ದು ಮುಖ್ಯವಾಗಿ ಮೂರು. ಅನಾಹುತಕ್ಕೆ ಮೊದಲೇ ನಿಗದಿಯಾದ, ಎಲ್ಲರಿಗೂ ಒಂದೇ ಆದ ಪರಿಹಾರದ ನಿಯಮ. ಗಾಯಗೊಂಡವರಿಗೆ ತಪ್ಪಿನ ವಿಚಾರಣೆಗೆ ಕಾಯದೆ ಚಿಕಿತ್ಸೆ. ಮಕ್ಕಳನ್ನು ಕರೆದೊಯ್ಯುವವರಿಗೆ ಸ್ಪಷ್ಟ ಹೊಣೆ ಮತ್ತು ಅದನ್ನು ನಿಭಾಯಿಸಲು ಬೇಕಾದ ತರಬೇತಿ, ಹಣ. ಮಕ್ಕಳು ಕಡಲಿಗೆ ಹೋಗಲಿ, ಬೆಟ್ಟ ಹತ್ತಲಿ. ಅವರು ಮನೆಗೆ ಮರಳುವಂತೆ ನೋಡಿಕೊಳ್ಳುವುದು ಹಿರಿಯರ ಕೆಲಸ; ಆ ಕೆಲಸವನ್ನು ಅವರಿಗೆ ನೆನಪಿಸುವುದು ಕಾನೂನಿನ ಕೆಲಸ.