ಕೆಂಚನ ಪಟ್ಟು

"ಹಂಗಾದ್ರೆ ನಮ್ಮಜ್ಜ ಅಷ್ಟು ವರ್ಷ ಗರಡೀಲಿ ಮಣ್ಣು ತಿಂದಿದ್ದು ಯಾಕಲೇ?" ಅಂತ ಗೆಳೆಯ ಕೇಳಿದ. ಕೇಳಿ, ಕೈಲಿದ್ದ ದಾಳವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಆಮೇಲೆ ಎರಡು ಸಲ ಆಟಕ್ಕೆ ಬರಲಿಲ್ಲ.

ಆಟ ಅಂದ್ರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ರಜೆಗೆ ಚನ್ನಗಿರಿಯಲ್ಲಿ ಸೇರುವ ಹೈಸ್ಕೂಲ್ ಗೆಳೆಯರು ನಾವು ಐದು ಜನ. ಅಡಿಕೆ ಚೀಲ ಇಡುವ ಅಟ್ಟದ ಮೇಲೆ ಒಂದು ಫ್ಯಾನು, ಮಧ್ಯದಲ್ಲಿ ಮಂಡಕ್ಕಿ-ಮೆಣಸಿನಕಾಯಿ, ಸುತ್ತ ಇಪ್ಪತ್ತು ಮುಖದ ದಾಳಗಳು. ಕಥೆ ನಡೆಸುವವನು ನಾನು, ತೀರ್ಪು ಕೊಡುವವನೂ ನಾನೇ. ಗೆಳೆಯನ ಪಾತ್ರದ ಹೆಸರು ಕೆಂಚ. ಕತ್ತಿ ಇಲ್ಲ, ಬಿಲ್ಲು ಇಲ್ಲ, ಮಂತ್ರ ಮೊದಲೇ ಇಲ್ಲ. ಹಿಡಿಯೋದು, ಕೆಡವೋದು, ಅಷ್ಟೇ. ಗೆಳೆಯ ಸ್ವತಃ ಐವತ್ತೈದು ಕೆಜಿ ಆಸಾಮಿ, ಜಿಎಸ್‌ಟಿ ಫೈಲಿಂಗ್ ಮಾಡ್ತಾನೆ. ಅವರಜ್ಜ ಮಾತ್ರ ಜಾತ್ರೆ ಕುಸ್ತಿಯಲ್ಲಿ ಹಲಗೆ ಸದ್ದಿಗೆ ತೊಡೆ ತಟ್ಟಿ ಅಖಾಡಕ್ಕೆ ಇಳಿದ ಪೈಲ್ವಾನ. ಕೆಂಚ ಯಾರು ಅಂತ ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಇಟ್ಟುಕೊಂಡು ಆಡುತ್ತಿದ್ದವರು, 2024ರ ಹೊಸ ಪುಸ್ತಕ ಬಂದ ಮೇಲೆ ಕಥೆಯ ನಡುವೆಯೇ ಅದಕ್ಕೆ ಹಾರಿದೆವು. ನನ್ನದೇ ಉತ್ಸಾಹ. ಮೊದಲನೇ ದಿನವೇ ಕೆಂಚ ಒಬ್ಬ ಕಾವಲುಗಾರನನ್ನು ಹಿಡಿಯೋಕೆ ಹೋದ, ನಾನು ಹೊಸ ನಿಯಮ ಓದಿ ಹೇಳಿದೆ, ಅಲ್ಲಿಗೆ ಆಟ ನಿಂತಿತು. ಈ ಬರಹ ಆ ನಿಯಮದ ಬಗ್ಗೆ, ನಾನು ಅದನ್ನ ಓದಿದ ರೀತಿಯ ಬಗ್ಗೆ.

ಮೊದಲು ಹಳೇ ಪುಸ್ತಕ. ಅದರ ಪ್ರಕಾರ ಬರಿಗೈಲಿ ಗುದ್ದಿದರೆ ಆಗುವ ಪೆಟ್ಟು 1, ಜೊತೆಗೆ ನಿಮ್ಮ ಶಕ್ತಿಯ ಅಂಕ. ಒಂದು ಚಾಕುವಿಗಾದರೂ ನಾಲ್ಕು ಮುಖದ ದಾಳ ಕೊಡುವ ಪುಸ್ತಕ, ಮುಷ್ಟಿಗೆ ದಾಳವನ್ನೇ ಕೊಡೋದಿಲ್ಲ. ಮಾಂಕ್ ಅನ್ನೋ ಸನ್ಯಾಸಿ ವರ್ಗಕ್ಕೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ. ಉಳಿದವರಿಗೆ ಬರಿಗೈ ಅಂದ್ರೆ ಆಯುಧ ಕಳಕೊಂಡವನ ಗತಿ. ಇನ್ನೂ ತಮಾಷೆ ಅಂದ್ರೆ, ಮೊದಲ ಮುದ್ರಣದಲ್ಲಿ ಮುಷ್ಟಿ ಆಯುಧಗಳ ಪಟ್ಟಿಯಲ್ಲೇ ಇತ್ತು. ಆಮೇಲೆ ತಿದ್ದುಪಡಿ ತಂದು ತೆಗೆದರು. ಮುಷ್ಟಿ ಆಯುಧ ಅಲ್ಲ, ಆದರೆ ಮುಷ್ಟಿಯ ಹೊಡೆತ 'ಮೆಲೀ ವೆಪನ್ ಅಟ್ಯಾಕ್' ಹೌದು! ಈ ಒಂದು ಸಾಲಿನ ಮೇಲೆ ನಮ್ಮ ಅಟ್ಟದಲ್ಲಿ ಒಂದು ಇಡೀ ಮಧ್ಯಾಹ್ನ ಹಾಳಾಗಿದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿ ದಿನ ಜೆಟ್ಟಿಗಳು ವಜ್ರಮುಷ್ಟಿ ಕಾಳಗ ಆಡ್ತಾರಲ್ಲ, ಬೆರಳಿಗೆ ಮೊನಚಿನ ಮುಷ್ಟಿ ತೊಟ್ಟು, ಎದುರಾಳಿಯ ಬೋಳು ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ನಿಲ್ಲಿಸ್ತಾರೆ, ಅವರನ್ನ ಯಾವ ಪಟ್ಟಿಗೆ ಸೇರಿಸ್ತೀರಿ? ಅಲ್ಲಿ ಎಷ್ಟು ಪೆಟ್ಟಾಯಿತು ಅನ್ನೋ ಲೆಕ್ಕವೇ ಇಲ್ಲ, ಒಂದು ಹನಿ ಕಂಡರೆ ಮುಗೀತು.

ನಮ್ಮ ಕಡೆ ಮಣ್ಣಿನ ಕುಸ್ತಿಯೂ ಹಾಗೇ. ಗುದ್ದೋದೇ ಇಲ್ಲ. ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಸೋಲು. ಎದುರಾಳಿಗೆ ಒಂದು ಗೀರು ಬೀಳದೆಯೂ ಗೆಲ್ಲಬಹುದು. ಜೀವಾಂಕ ಕಳೆಯುತ್ತಾ ಹೋಗುವ ಈ ಆಟದಲ್ಲಿ ಅಂಥ ಗೆಲುವಿಗೆ ಜಾಗ ಎಲ್ಲಿದೆ?

ಇದೆ, ಹುಡುಕಬೇಕು. ಹಳೇ ಪುಸ್ತಕದಲ್ಲಿ ಒಂದು ಕಡೆ, ಹಿಡಿತಕ್ಕೆ ಸಿಕ್ಕವನ ವೇಗ ಸೊನ್ನೆ ಅಂತಿದೆ. ಅಷ್ಟೇ, ಬೇರೇನೂ ಇಲ್ಲ. ಅವನು ನಿಂತಲ್ಲೇ ಕತ್ತಿ ಬೀಸಬಹುದು, ಅದೂ ಸಲೀಸಾಗಿ! ಇನ್ನೊಂದು ಕಡೆ, ತಳ್ಳಿ ಕೆಡವಬಹುದು ಅಂತಿದೆ. ಮತ್ತೊಂದು ಕಡೆ, ಬಿದ್ದವನು ಏಳೋಕೆ ತನ್ನ ಅರ್ಧ ವೇಗ ಖರ್ಚು ಮಾಡಬೇಕು, ವೇಗ ಸೊನ್ನೆ ಇದ್ದರೆ ಏಳುವಂತಿಲ್ಲ ಅಂತಿದೆ. ಮೂರನ್ನೂ ಜೋಡಿಸಿ ಓದಿ. ಹಿಡಿದು, ಆಮೇಲೆ ಕೆಡವಿದರೆ, ಬಿದ್ದವನು ಬಿಡಿಸಿಕೊಳ್ಳುವ ತನಕ ಮೇಲೇಳಲಾರ. ಅವನ ಹೊಡೆತಗಳು ಸೊರಗುತ್ತವೆ, ಪಕ್ಕದಲ್ಲಿರುವವರ ಹೊಡೆತ ಅವನಿಗೆ ಸುಲಭವಾಗಿ ಬೀಳುತ್ತವೆ. ಇದು ಚಿತ್ ಅಲ್ಲದೆ ಇನ್ನೇನು? ಇದನ್ನ ಕಂಡುಹಿಡಿದದ್ದು ನಾನಲ್ಲ, ಕೆಂಚನ ಮಾಲೀಕ. ಆವತ್ತು ಅವನ ಮುಖ ನೋಡಬೇಕಿತ್ತು.

ಹಿಡಿಯೋದು ಹೇಗೆ ಅನ್ನೋದೇ ಹಳೇ ಪುಸ್ತಕದ ಸೊಗಸು. ಇಬ್ಬರೂ ದಾಳ ಹಾಕಬೇಕು. ಹಿಡಿಯುವವನು ಅಥ್ಲೆಟಿಕ್ಸ್ ಅನ್ನೋ ಕೌಶಲ ಸೇರಿಸ್ತಾನೆ. ತಪ್ಪಿಸಿಕೊಳ್ಳುವವನು ಅಥ್ಲೆಟಿಕ್ಸೋ ಅಕ್ರೊಬ್ಯಾಟಿಕ್ಸೋ, ತನಗೆ ಬೇಕಾದ್ದು ಸೇರಿಸ್ತಾನೆ. ಕೈ ಮಿಲಾಯಿಸಿ ಇಬ್ಬರೂ ಒಬ್ಬರನ್ನೊಬ್ಬರು ತೂಗುವ ಹಾಗೆ. ಒಂದು ಅಡ್ಡ ಮಾತು: ಆ ಪುಸ್ತಕದ ಮುಖ್ಯ ವರ್ಗಗಳಲ್ಲಿ ಕೌಶಲವನ್ನು ದುಪ್ಪಟ್ಟು ಮಾಡಿಕೊಳ್ಳುವ ಅವಕಾಶ ಇದ್ದದ್ದು ಕಳ್ಳನಿಗೆ ಮತ್ತು ಹಾಡುಗಾರನಿಗೆ. ಹಾಗಾಗಿ ನಮ್ಮ ಪೈಲ್ವಾನ ಕೆಂಚ ಕಾಗದದ ಮೇಲೆ ಕಳ್ಳ. ಅಜ್ಜನಿಗೆ ಗೊತ್ತಾಗಿದ್ದರೆ ಕೋಲು ತಗೊಂಡು ಅಟ್ಟ ಹತ್ತುತ್ತಿದ್ದರು.

ಹೊಸ ಪುಸ್ತಕ ಏನು ಮಾಡಿತು? ಗುದ್ದು, ಹಿಡಿತ, ತಳ್ಳು ಮೂರನ್ನೂ ಒಂದೇ ಕಡೆ ತಂದಿತು. ಒಳ್ಳೇದು. ಹಿಡಿತದಲ್ಲಿ ಇರುವವನು ಹಿಡಿದವನನ್ನು ಬಿಟ್ಟು ಬೇರೆಯವರಿಗೆ ಹೊಡೆಯೋಕೆ ಹೋದರೆ ಅಡಚಣೆ ಅಂತ ಸೇರಿಸಿತು. ಇದಂತೂ ಅಖಾಡದ ಅಂಚಿನಲ್ಲಿ ಕೂತು ನೋಡಿದವರು ಬರೆದ ಹಾಗಿದೆ. ಆದರೆ ಹಿಡಿಯುವವನ ಕೈಯಿಂದ ದಾಳ ಕಿತ್ತುಕೊಂಡಿತು. ಈಗ ಗುರಿ ಅಂಕ 8, ಅದಕ್ಕೆ ಶಕ್ತಿಯ ಅಂಕ, ಅದಕ್ಕೆ ಮಟ್ಟಕ್ಕೆ ತಕ್ಕ ಪ್ರಾವೀಣ್ಯದ ಅಂಕ. ಸಿಕ್ಕವನು ಒಂದೇ ದಾಳ ಹಾಕಿ ಆ ಗುರಿ ಮುಟ್ಟಿದರೆ ಪಾರು. ಅಥ್ಲೆಟಿಕ್ಸ್ ಎಲ್ಲಿ ಹೋಯಿತು? ಬಿಡಿಸಿಕೊಳ್ಳುವವನ ಕಡೆ ಉಳೀತು, ಹಿಡಿಯುವವನಿಗೆ ಇಲ್ಲ. ಅಂದ್ರೆ ಪೈಲ್ವಾನನ ವಿದ್ಯೆ ತಾನು ಸಿಕ್ಕಿಬಿದ್ದಾಗ ಮಾತ್ರ ಉಪಯೋಗಕ್ಕೆ.

ಲೆಕ್ಕ ಹಾಕಿ ನೋಡೋಣ, ಎಕ್ಸೆಲ್ ಮಂದಿಗೆ ಇದು ಕಷ್ಟ ಅಲ್ಲ. ಕೆಂಚ ಐದನೇ ಮಟ್ಟದವನು. ಶಕ್ತಿಗೆ 3, ಕಲಿತ ವಿದ್ಯೆಗೆ ದುಪ್ಪಟ್ಟು 6, ಒಟ್ಟು 9. ಎದುರಿಗೆ ಯಾವ ಅಂಕವೂ ಇಲ್ಲದ ಕಾವಲುಗಾರ. ಹಳೇ ನಿಯಮದಲ್ಲಿ ಕೆಂಚ ನೂರಕ್ಕೆ 83 ಸಲ ಹಿಡೀತಾನೆ. ಅದೇ ಶಕ್ತಿ, ಅದೇ ಮಟ್ಟ, ಆದರೆ ಗರಡಿ ಮನೆ ಮೆಟ್ಟಿಲು ಹತ್ತದ ಇನ್ನೊಬ್ಬ ದಾಂಡಿಗ 62 ಸಲ. ಹೊಸ ನಿಯಮದಲ್ಲಿ? ಇಬ್ಬರಿಗೂ ಗುರಿ ಅಂಕ 14. ಇಬ್ಬರೂ 65 ಸಲ. ಅಜ್ಜ ತಿಂದ ಮಣ್ಣು ಆ ಎರಡು ಸಂಖ್ಯೆಗಳ ನಡುವೆ ಇತ್ತು, ಪುಸ್ತಕ ಅದನ್ನ ಅಳಿಸಿಹಾಕಿತ್ತು. ಗೆಳೆಯ ಕೇಳಿದ್ದು ಭಾವುಕ ಪ್ರಶ್ನೆ ಅಂತ ನಾನು ಅಂದುಕೊಂಡೆ. ಅದು ಗಣಿತದ ಪ್ರಶ್ನೆ ಆಗಿತ್ತು.

ಹೊಸ ನಿಯಮದ ಪರ ವಾದ ಇಲ್ಲದಿಲ್ಲ. ಎರಡು ದಾಳದ ಜಾಗದಲ್ಲಿ ಒಂದು, ಆಟ ಬೇಗ ಓಡುತ್ತೆ. ಕೌಶಲ ದುಪ್ಪಟ್ಟು ಮಾಡಿಕೊಂಡವರು ತಮಗಿಂತ ದೊಡ್ಡ ರಾಕ್ಷಸರನ್ನೂ ಕತ್ತು ಹಿಡಿದು ಎಳೆದಾಡೋದು ಹಳೇ ಆಟದಲ್ಲಿ ಅತಿಯಾಗಿತ್ತು, ಅದು ನಿಜ. ನಮ್ಮ ಮೇಜಲ್ಲೂ ಆಗಿದೆ. ಆದರೆ ಅತಿಯಾದ್ದನ್ನ ತಗ್ಗಿಸೋದು ಬೇರೆ, ಕಲಿತವನನ್ನೂ ಕಲಿಯದವನನ್ನೂ ಒಂದೇ ತಕ್ಕಡಿಗೆ ಹಾಕೋದು ಬೇರೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಶಕ್ತಿ ಮಾತ್ರವಲ್ಲ, ಪಳಗಿದ ಅನುಭವವನ್ನೂ ನೋಡಿ ದರ್ಜೆಗಳಾಗಿ ವಿಂಗಡಿಸುತ್ತಾನೆ. ರಾಜನ ಮನರಂಜನೆಯ ಪುಸ್ತಕಕ್ಕೇ ಅಷ್ಟು ಕಾಳಜಿ.

ನನ್ನ ತಪ್ಪು ಇನ್ನೊಂದು. ಪುಸ್ತಕದಲ್ಲಿ ಇರೋದನ್ನ ಇದ್ದ ಹಾಗೆ ಓದಿ ಹೇಳಿದರೆ ನ್ಯಾಯ ಮಾಡಿದ ಹಾಗೆ ಅಂತ ನಂಬಿದ್ದೆ. ಹಳೇ ಪುಸ್ತಕದಲ್ಲಿ ಮೂರು ಪುಟ ಜೋಡಿಸಿ ಚಿತ್ ಕಂಡುಕೊಂಡವನ ಮುಂದೆ ಹೊಸ ಪುಸ್ತಕದ ಒಂದೇ ಪ್ಯಾರಾ ಓದಿ ಕೈ ತೊಳೆದುಕೊಂಡೆ.

ಎರಡು ಸಲ ಅವನಿಲ್ಲದೆ ಆಡಿ, ಆಟ ಸಪ್ಪೆಯಾಗಿ, ಮೂರನೇ ಸಲ ನಾನೇ ಅವನ ಮನೆಗೆ ಹೋದೆ. ನನ್ನ ತಿದ್ದುಪಡಿ ಒಂದು ಸಾಲು: ಗುರಿ ಅಂಕ ಅಂದ್ರೆ 8, ಅದಕ್ಕೆ ಹಿಡಿಯುವವನ ಅಥ್ಲೆಟಿಕ್ಸ್. ದಾಳ ಒಂದೇ, ಬೇಗವೂ ಆಯಿತು. ಕೆಂಚನ ಗುರಿ ಅಂಕ 17, ಅದೇ ಕಾವಲುಗಾರನನ್ನು ಅವನು ನೂರಕ್ಕೆ 80 ಸಲ ಹಿಡೀತಾನೆ, ಕಲಿಯದ ದಾಂಡಿಗ 50 ಸಲ. ಗೆಳೆಯ ಫೋನಲ್ಲಿ ತಾನೂ ಲೆಕ್ಕ ಹಾಕಿ, "ಮೂರು ಕಡಿಮೆ ಆಯ್ತಲ್ಲೋ" ಅಂದ. ಅಷ್ಟು ಅತಿ ಇತ್ತಲ್ಲ ಮಾರಾಯ ಅಂದೆ. ಒಪ್ಪಿದ. ಅಟ್ಟದಲ್ಲಿ ಉಳಿದವರಲ್ಲಿ ಒಬ್ಬ ಇನ್ನೂ ಒಪ್ಪಿಲ್ಲ, ಎಲ್ಲರೂ ಅಥ್ಲೆಟಿಕ್ಸ್ ಕಲಿತು ಬಂದರೆ ಏನ್ಮಾಡ್ತೀಯ ಅಂತಾನೆ. ಬರಲಿ ಬಿಡು, ಗರಡಿ ತುಂಬಲಿ.

ಅವತ್ತು ರಾತ್ರಿ ಅದೇ ಕಾವಲುಗಾರ, ಅದೇ ಬಾಗಿಲು. ಕೆಂಚ ತೊಡೆ ತಟ್ಟಿ ನುಗ್ಗಿದ. ಕಾವಲುಗಾರನ ಪರ ದಾಳ ಹಾಕಿದ್ದು ನಾನು. 19 ಬಿತ್ತು. ಗೆಳೆಯ ನನ್ನ ಮುಖವನ್ನೇ ನೋಡಿ, ಒಂದು ಮೆಣಸಿನಕಾಯಿ ಎತ್ತಿಕೊಂಡು, "ಮತ್ತೆ ಹಿಡೀತೀನಿ" ಅಂದ.